ಗುಲ್ಮಾರ್ಗ್‌ನಲ್ಲಿ ಸ್ಕೀಯಿಂಗ್: ಹೊಸಬರೂ ಪಳಗಿದವರೂ ಒಟ್ಟಿಗೆ ಹೊರಡುವ ಮುನ್ನ ಕೇಳುವ ಪ್ರಶ್ನೆಗಳು

ಹಿಮವನ್ನೇ ಕಾಣದ ಊರಿನಿಂದ ಹೊರಟು, ಮನೆಮಂದಿಯನ್ನೋ ಗೆಳೆಯರನ್ನೋ ಕರೆದುಕೊಂಡು, ಕಾಶ್ಮೀರದ ಇಳಿಜಾರುಗಳಲ್ಲಿ ಕೆಲವು ದಿನ ಕಳೆಯಬೇಕೆಂದಿರುವವರಿಗಾಗಿ ಈ ಪ್ರಶ್ನೋತ್ತರವನ್ನು ಸಿದ್ಧಪಡಿಸಲಾಗಿದೆ. ಇಂಥ ತಂಡಗಳಲ್ಲಿ ಎಲ್ಲರ ಅಳವೂ ಒಂದೇ ಆಗಿರುವುದಿಲ್ಲ. ಒಬ್ಬರು ವಿದೇಶದಲ್ಲಿದ್ದಾಗ ಕಲಿತಿರುತ್ತಾರೆ, ಇನ್ನೊಬ್ಬರು ಸ್ಕೀ ಮುಟ್ಟಿಯೇ ಇರುವುದಿಲ್ಲ, ಮತ್ತೊಬ್ಬರು ಹಿಮ ನೋಡಿದರೆ ಸಾಕೆಂದು ಬಂದಿರುತ್ತಾರೆ. ನಾವು ಹೋದಾಗ ನಮ್ಮ ತಂಡದಲ್ಲಿ ಒಂಬತ್ತು ವರ್ಷದ ಹುಡುಗಿಯಿಂದ ಅರವತ್ತೆಂಟರ ತಾಯಿಯವರೆಗೆ ಆರು ಜನರಿದ್ದೆವು. ಕೆಳಗಿನ ಉತ್ತರಗಳಲ್ಲಿ ಆ ಅನುಭವದ ಪಾಲೂ ಇದೆ.

ಔಲಿ, ಸೋಲಂಗ್‌ಗಳೂ ಇರುವಾಗ ಗುಲ್ಮಾರ್ಗನ್ನೇ ಏಕೆ ಆರಿಸಬೇಕು?

ಎಲ್ಲ ಹಂತದವರಿಗೂ ಒಂದೇ ಊರಿನಲ್ಲಿ ಇಳಿಜಾರು ಸಿಗುವುದು ಇದಕ್ಕೆ ಮುಖ್ಯ ಕಾರಣ. ಸುಮಾರು 2,650 ಮೀಟರ್ ಎತ್ತರದಲ್ಲಿರುವ ಗುಲ್ಮಾರ್ಗ್‌ನ ಬಯಲು ಹೊಸಬರಿಗೆ ಹೇಳಿ ಮಾಡಿಸಿದಂತಿದೆ. ಅಲ್ಲಿಂದ ಗೊಂಡೋಲಾದ (ತಂತಿಯ ಮೇಲೆ ಸಾಗುವ ಕೇಬಲ್ ಕಾರಿನ) ಮೊದಲ ಹಂತವು ಕೊಂಗ್‌ಡೂರಿಗೂ, ಎರಡನೆಯ ಹಂತವು ಪೀರ್ ಪಂಜಾಲ್ ಶ್ರೇಣಿಯ ಅಫರ್‌ವಟ್ ಬೆಟ್ಟದ ಭುಜಕ್ಕೂ, ಅಂದರೆ ಸುಮಾರು 3,950 ಮೀಟರ್ ಎತ್ತರಕ್ಕೂ ಕರೆದೊಯ್ಯುತ್ತದೆ. ಮೊದಲ ಹಂತ 1998ರಲ್ಲಿ, ಎರಡನೆಯದು 2005ರಲ್ಲಿ ಆರಂಭವಾದವು. ಬೆಳಿಗ್ಗೆ ಒಂದೇ ಹೋಟೆಲಿನಿಂದ ಹೊರಟ ಆರು ಜನ ಮೂರು ಬೇರೆ ಎತ್ತರಗಳಲ್ಲಿ ದಿನ ಕಳೆದು, ಸಂಜೆ ಒಂದೇ ಮೇಜಿಗೆ ಮರಳುವ ಅನುಕೂಲ ನಮ್ಮ ದೇಶದಲ್ಲಿ ಬೇರೆಡೆ ಇಷ್ಟು ಸಲೀಸಾಗಿ ಸಿಗುವುದಿಲ್ಲ.

ಉತ್ತರಾಖಂಡದ ಔಲಿಯ ಇಳಿಜಾರು ಕಲಿಕೆಗೆ ಬಹಳ ಚೆನ್ನಾಗಿದೆ, ಅಲ್ಲಿಂದ ನಂದಾದೇವಿಯ ನೋಟವೂ ಸಿಗುತ್ತದೆ. ಗಢವಾಲ್ ಮಂಡಲ ವಿಕಾಸ ನಿಗಮವು ಅಲ್ಲಿ ಸ್ಕೀ ತರಬೇತಿಯನ್ನು ನಡೆಸಿಕೊಂಡು ಬಂದಿದೆ. ಆದರೆ ಜೋಶಿಮಠದ ನೆಲ ಕುಸಿಯತೊಡಗಿದ ಕಾರಣ 2023ರ ಜನವರಿಯಲ್ಲಿ ಅಲ್ಲಿನ ರೋಪ್‌ವೇ ನಿಂತುಹೋಯಿತು. ಆದ್ದರಿಂದ ಹೊರಡುವ ಮುನ್ನ ಅದರ ಸ್ಥಿತಿಯನ್ನು ವಿಚಾರಿಸಿಕೊಳ್ಳಬೇಕು. ಮನಾಲಿಯ ಹತ್ತಿರದ ಸೋಲಂಗ್, ಒಂದೆರಡು ದಿನ ರುಚಿ ನೋಡುವವರಿಗೆ ಸಾಕು.

ಯಾವ ತಿಂಗಳಲ್ಲಿ ಹೋಗಬೇಕು?

ಜನವರಿ ನಡುವಿನಿಂದ ಫೆಬ್ರವರಿ ಕೊನೆಯವರೆಗಿನ ಅವಧಿ ಸಾಮಾನ್ಯವಾಗಿ ಒಳ್ಳೆಯದು. ಕಾಶ್ಮೀರಿಗಳು ಡಿಸೆಂಬರ್ 21ರಿಂದ ನಲವತ್ತು ದಿನಗಳ ಕಡುಚಳಿಯನ್ನು ‘ಚಿಲ್ಲೈ ಕಲಾನ್’ ಎಂದು ಕರೆಯುತ್ತಾರೆ. ಆಗ ಬಿದ್ದ ಹಿಮವೇ ಮುಂದಿನ ವಾರಗಳ ಬಂಡವಾಳ. ಅದರ ಬಳಿಕ ಇಪ್ಪತ್ತು ದಿನಗಳ ‘ಚಿಲ್ಲೈ ಖುರ್ದ್’, ಆಮೇಲೆ ಹತ್ತು ದಿನಗಳ ‘ಚಿಲ್ಲೈ ಬಚ್ಚಾ’ ಬರುತ್ತವೆ. ಮೊದಲ ಸಲದವರಿಗೆ ನಾನು ಫೆಬ್ರವರಿಯ ಎರಡನೆಯ ವಾರವನ್ನು ಹೇಳುತ್ತೇನೆ. ಚಳಿ ಸ್ವಲ್ಪ ಇಳಿದಿರುತ್ತದೆ, ಹಗಲು ಉದ್ದವಾಗಿರುತ್ತದೆ.

ಆದರೆ ಹಿಮವನ್ನು ಈಗ ಮೊದಲಿನಂತೆ ನಂಬಿಕೊಂಡಿರಲಾಗದು. 2024ರ ಜನವರಿಯ ಬಹುಪಾಲು ಗುಲ್ಮಾರ್ಗ್ ಕಂದು ಹುಲ್ಲಿನ ಬಯಲಾಗಿಯೇ ಉಳಿದಿತ್ತು. 2025ರ ಫೆಬ್ರವರಿಯಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಹಿಮದ ಕೊರತೆಯಿಂದ ಮಾರ್ಚಿಗೆ ಮುಂದೂಡಬೇಕಾಯಿತು. ಹೀಗಾಗಿ ದಿನಾಂಕ ಬದಲಿಸಲು ಅವಕಾಶವಿರುವ ವಿಮಾನ ಟಿಕೆಟ್ಟನ್ನೂ ಹೋಟೆಲನ್ನೂ ಆರಿಸಿಕೊಳ್ಳುವುದು ಜಾಣತನ. ಅದಕ್ಕೆ ತೆರುವ ಹೆಚ್ಚಿನ ಹಣ ವ್ಯರ್ಥವಲ್ಲ.

ಎಷ್ಟು ದಿನ ಇರಬೇಕು?

ಕಲಿಯಬೇಕೆಂಬ ಮನಸ್ಸಿದ್ದರೆ ಗುಲ್ಮಾರ್ಗ್‌ನಲ್ಲಿಯೇ ಕನಿಷ್ಠ ಐದು ರಾತ್ರಿ ಇರಬೇಕು. ನಮ್ಮ ಕಡೆಯಿಂದ ಹೋಗುವ ಹೆಚ್ಚಿನವರು ಶ್ರೀನಗರದಿಂದ ಬೆಳಿಗ್ಗೆ ಹೊರಟು, ಬಾಡಿಗೆ ಕೋಟು ತೊಟ್ಟು, ಸ್ಲೆಡ್ಜಿನಲ್ಲಿ ಒಂದು ಸುತ್ತು ಎಳೆಸಿಕೊಂಡು, ಸಂಜೆಗೆ ಮರಳುತ್ತಾರೆ. ಅಷ್ಟರಲ್ಲಿ ಸ್ಕೀಯನ್ನು ಕಾಲಿಗೆ ಕಟ್ಟಿ ಫೋಟೊ ತೆಗೆಸಿಕೊಳ್ಳಬಹುದೇ ಹೊರತು ಇಳಿಯಲಾಗದು. ಮೊದಲ ದಿನ ಬೀಳುವುದರಲ್ಲೇ ಹೋಗುತ್ತದೆ, ಎರಡನೆಯ ದಿನ ಮೈಯೆಲ್ಲ ನೋವು, ಮೂರನೆಯ ದಿನ ಕಾಲು ಮಾತು ಕೇಳತೊಡಗುತ್ತದೆ. ಮೂರನೆಯ ದಿನ ಬರುವ ಮೊದಲೇ ಊರಿಗೆ ಮರಳಿದವರು ‘ಇದು ನಮಗೆ ಹೇಳಿದ್ದಲ್ಲ’ ಎಂದುಕೊಂಡು ಬಿಟ್ಟುಬಿಡುವುದನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಹಿಮವನ್ನೇ ನೋಡದವರು ಎಲ್ಲಿಂದ ಆರಂಭಿಸಬೇಕು?

ಬೇಸಿಗೆಯಲ್ಲಿ ಗಾಲ್ಫ್ ಆಡುವ ಬಯಲಿನ ಅಂಚಿನ ಸಣ್ಣ ಏರುಗಳಲ್ಲಿ, ಒಬ್ಬ ತರಬೇತುದಾರರ ಜೊತೆಗೆ ಆರಂಭಿಸಬೇಕು. ಅಲ್ಲಿನವರು ಇವನ್ನು ‘ಬೇಬಿ ಸ್ಲೋಪ್’ ಎನ್ನುತ್ತಾರೆ. ಮೇಲಕ್ಕೆ ಎಳೆದುಕೊಂಡು ಹೋಗುವ ಡ್ರ್ಯಾಗ್ ಲಿಫ್ಟೂ ಅಲ್ಲಿದೆ. ಗೆಳೆಯರಲ್ಲಿ ಒಬ್ಬರಿಗೆ ಬರುತ್ತದೆಂದು ಅವರಿಂದಲೇ ಕಲಿಯಲು ಹೊರಡಬೇಡಿ. ಬರುವುದು ಬೇರೆ, ಕಲಿಸುವುದು ಬೇರೆ. ಮೇಲಾಗಿ ಇಬ್ಬರ ರಜೆಯೂ ಹಾಳಾಗುತ್ತದೆ.

ಮೊದಲ ಪಾಠ ಸಮತಟ್ಟು ನೆಲದಲ್ಲಿ ಒಂದೇ ಸ್ಕೀ ಕಟ್ಟಿಕೊಂಡು ಜಾರುವುದು, ಬಳಿಕ ಎರಡನ್ನೂ ಕಟ್ಟಿಕೊಂಡು ಅಡ್ಡಡ್ಡ ಹೆಜ್ಜೆಯಿಟ್ಟು ಏರುವುದು. ಆಮೇಲೆ ನಿಲ್ಲುವ ಪಾಠ. ಸ್ಕೀಗಳ ಮುಂದಿನ ತುದಿಗಳನ್ನು ಹತ್ತಿರ ತಂದು ಹಿಂದಿನ ತುದಿಗಳನ್ನು ಅಗಲಿಸಿದರೆ ಒಳ ಅಂಚುಗಳು ಹಿಮವನ್ನು ಕೆರೆದು ವೇಗ ತಗ್ಗುತ್ತದೆ. ತರಬೇತುದಾರರು ಮಕ್ಕಳಿಗೆ ಇದನ್ನು ‘ಪಿಜ್ಜಾ’ ಎಂದು ಹೇಳಿಕೊಡುತ್ತಾರೆ, ತ್ರಿಕೋನದ ತುಂಡಿನ ಆಕಾರ ನೆನಪಿರಲೆಂದು. ಎಲ್ಲ ಹೊಸಬರೂ ಮಾಡುವ ತಪ್ಪು ಒಂದೇ: ಇಳಿಜಾರು ಕಂಡ ತಕ್ಷಣ ಭಯದಿಂದ ಹಿಂದಕ್ಕೆ ವಾಲುವುದು. ಹಿಂದಕ್ಕೆ ವಾಲಿದೊಡನೆ ಸ್ಕೀಗಳ ಮುಂಭಾಗದ ಮೇಲಿನ ಭಾರ ತಪ್ಪಿ, ಅವು ನಿಮ್ಮ ಹಿಡಿತ ಬಿಟ್ಟು ಓಡತೊಡಗುತ್ತವೆ. ಮೊಣಕಾಲು ಬಗ್ಗಿಸಿ, ಮೊಣಕಾಲಿನ ಕೆಳಗಿನ ಮುಂಗಾಲು ಬೂಟಿನ ಮುಂಪಟ್ಟಿಗೆ ಒತ್ತಿದ ಅನುಭವ ಸದಾ ಇರುವಂತೆ ನೋಡಿಕೊಳ್ಳಬೇಕು. ನಮ್ಮ ತರಬೇತುದಾರರು ನನ್ನ ಮುಂದೆ ಹಿಮ್ಮುಖವಾಗಿ ಜಾರುತ್ತಾ, ಎರಡೂ ಕೈಗಳಿಂದ ಸ್ಕೀಯ ತುದಿಗಳನ್ನು ಹಿಡಿದು, ‘ಆಗೇ, ಆಗೇ’ (ಮುಂದಕ್ಕೆ, ಮುಂದಕ್ಕೆ) ಎಂದು ಎರಡು ದಿನ ಹೇಳುತ್ತಲೇ ಇದ್ದರು. ಮೂರನೆಯ ಬೆಳಿಗ್ಗೆ ಅವರು ಕೈ ಬಿಟ್ಟದ್ದು ಹತ್ತು ಮಾರು ಇಳಿದ ಮೇಲಷ್ಟೇ ನನಗೆ ತಿಳಿದದ್ದು.

ಹೆಚ್ಚು ಸಮಯವಿರುವವರಿಗೆ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದಡಿ ಗುಲ್ಮಾರ್ಗ್‌ನಲ್ಲಿಯೇ ಇರುವ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯ ಶಿಬಿರಗಳು ಅತ್ಯುತ್ತಮ ಆಯ್ಕೆ. ಹಿಮವಿಲ್ಲದ ನಾಡಿನವರಿಗೆ ಇದು ದಕ್ಕದೆಂಬ ಅಳುಕು ಬೇಡ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಕರ್ನಾಟಕದ ಪರವಾಗಿ ಇದೇ ಗುಲ್ಮಾರ್ಗ್‌ನ ಕೂಟಗಳಲ್ಲಿ ಪದಕಗಳನ್ನು ಗೆದ್ದಿದ್ದಾರೆ.

ತಂಡದಲ್ಲಿ ಎಲ್ಲ ಹಂತದವರೂ ಇದ್ದರೆ ದಿನವನ್ನು ಹೇಗೆ ಹೊಂದಿಸಬೇಕು?

ಬೆಳಿಗ್ಗೆ ಬೇರೆ ಬೇರೆಯಾಗಿ, ಮಧ್ಯಾಹ್ನದ ಊಟಕ್ಕೆ ಒಟ್ಟಾಗಿ. ಇದನ್ನು ಮೊದಲ ದಿನವೇ ಎಲ್ಲರೂ ಒಪ್ಪಿಕೊಂಡಿರಬೇಕು. ಹೊಸಬರು ಬಯಲಿನಲ್ಲಿ ಇರಲಿ. ತಿರುವುಗಳನ್ನು ತೆಗೆದುಕೊಳ್ಳಲು, ಬೇಕೆಂದಲ್ಲಿ ನಿಲ್ಲಲು ಬರುವವರು ಮೊದಲ ಹಂತದ ಗೊಂಡೋಲಾದಲ್ಲಿ ಕೊಂಗ್‌ಡೂರಿಗೆ ಹೋಗಿ, ದೇವದಾರು ಮತ್ತು ಫರ್ ಮರಗಳ ನಡುವಿನ ದಾರಿಗಳಲ್ಲಿ ಇಳಿಯಬಹುದು. ಕೊಂಗ್‌ಡೂರಿಯಿಂದ ಮೇಲಕ್ಕೆ ಚೇರ್‌ಲಿಫ್ಟ್ ಇದೆ, ಅದು ನಡು ಹಂತದವರಿಗೆ ಅತ್ಯಂತ ಉಪಯುಕ್ತ. ಪಳಗಿದವರು ಎರಡನೆಯ ಹಂತಕ್ಕೆ ಹೋಗುತ್ತಾರೆ.

ತಂಡದಲ್ಲಿ ಬಲ್ಲವರು ಇರುವಾಗ ಒಂದು ಅಪಾಯ ಸದ್ದಿಲ್ಲದೆ ಒಳಗೆ ಬರುತ್ತದೆ: ‘ನಾವಿದ್ದೇವಲ್ಲ, ನೀನೂ ಮೇಲೆ ಬಾ’ ಎನ್ನುವ ಒತ್ತಾಯ. ಯಾರನ್ನೂ ಅವರ ಅಳವಿಗೆ ಮೀರಿದ ಇಳಿಜಾರಿಗೆ ಪ್ರೀತಿಯಿಂದಲೂ ಎಳೆದೊಯ್ಯಬಾರದು. ನಮ್ಮ ಯೋಜನೆಯನ್ನು ನಾವು ತಂಡದ ಅತ್ಯಂತ ಹೊಸಬರನ್ನು ನೋಡಿ ಮಾಡಿದೆವು. ಹೋಟೆಲನ್ನು ಬಯಲಿನ ಹತ್ತಿರವೇ ಹಿಡಿದೆವು, ತರಬೇತುದಾರರನ್ನು ಮೊದಲೇ ಗೊತ್ತುಮಾಡಿಕೊಂಡೆವು. ಬಲ್ಲವರಿಗೆ ಅದರಿಂದ ಏನೂ ಕಡಿಮೆಯಾಗಲಿಲ್ಲ.

ಎರಡನೆಯ ಹಂತದಿಂದ ಸ್ಕೀ ಮಾಡುತ್ತಾ ಇಳಿಯಬಹುದೇ? ಹಿಮಕುಸಿತದ ಅಪಾಯ ಎಷ್ಟು?

ನೋಟಕ್ಕೆಂದು ಮೇಲೆ ಹೋಗಿ ಅದೇ ಗೊಂಡೋಲಾದಲ್ಲಿ ಇಳಿಯುವುದು ಬೇರೆ ಮಾತು. ಸ್ಕೀ ಕಟ್ಟಿಕೊಂಡು ಇಳಿಯುವುದಾದರೆ ಇದು ಯುರೋಪಿನ ಸಮಗೊಳಿಸಿದ ಇಳಿಜಾರಿನಂತೆ ಅಲ್ಲವೆಂಬುದನ್ನು ತಿಳಿದಿರಬೇಕು. ಗೊಂಡೋಲಾದ ಕೆಳಗಿನ ಬೋಗುಣಿಯಂಥ ಭಾಗವನ್ನು ಮಾತ್ರ ಅಲ್ಲಿನ ಸ್ಕೀ ಪ್ಯಾಟ್ರೋಲ್, ಅಂದರೆ ಇಳಿಜಾರಿನ ಕಾವಲು ಪಡೆ, ನೋಡಿಕೊಳ್ಳುತ್ತದೆ. ಅದರ ಆಚೆಗಿನ ಬೆಟ್ಟದ ಮೈ ಯಾರ ಕಾವಲಿಗೂ ಒಳಪಟ್ಟದ್ದಲ್ಲ. 2023ರ ಫೆಬ್ರವರಿ 1ರಂದು ಅಫರ್‌ವಟ್‌ನಲ್ಲಿ ಹಿಮ ಕುಸಿದು ಪೋಲೆಂಡಿನ ಇಬ್ಬರು ಮೃತಪಟ್ಟರು. 2024ರ ಫೆಬ್ರವರಿಯಲ್ಲಿ ಖಿಲನ್‌ಮಾರ್ಗ್ ಬಳಿ ರಷ್ಯಾದ ಒಬ್ಬರು ತೀರಿಕೊಂಡರು. 2010ರಲ್ಲಿ ಇದೇ ಪ್ರದೇಶದಲ್ಲಿ ತರಬೇತಿಯಲ್ಲಿದ್ದ 17 ಸೈನಿಕರನ್ನು ಹಿಮ ನುಂಗಿತು. ಇವರು ಯಾರೂ ಬೆಟ್ಟಕ್ಕೆ ಹೊಸಬರಾಗಿ ಅಡ್ಡಾಡಲು ಬಂದವರಲ್ಲ ಎಂಬುದನ್ನು ಮರೆಯಬಾರದು.

ಹಿಮ ಕುಸಿಯುವುದು ಹೆಚ್ಚಾಗಿ 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲಿ. ಹಳೆಯ ಹಿಮದ ಮೇಲೆ ಹೊಸದು ದಪ್ಪಗೆ ಬಿದ್ದಾಗ, ಅಥವಾ ಗಾಳಿಯು ಹಿಮವನ್ನು ಒಂದು ಬದಿಯಿಂದ ತಂದು ಇನ್ನೊಂದು ಬದಿಯಲ್ಲಿ ಒಟ್ಟಿದಾಗ, ನಡುವಿನ ದುರ್ಬಲ ಪದರ ಮೇಲಿನ ಭಾರವನ್ನು ತಡೆಯದೆ ಜಾರಿಬಿಡುತ್ತದೆ. ಹಲವು ಸಲ ಆ ಪದರವನ್ನು ಒಡೆಯುವುದು ಸ್ಕೀ ಮಾಡುವವರ ತೂಕವೇ. ಆದ್ದರಿಂದ ಜೋರು ಹಿಮ ಬಿದ್ದ ಮರುದಿನ, ಆಕಾಶ ತಿಳಿಯಾಗಿ ಬೆಟ್ಟ ಕೈಬೀಸಿ ಕರೆಯುವ ಹೊತ್ತೇ ಅತ್ಯಂತ ಅಪಾಯದ ಹೊತ್ತು. ಈ ಕಾವಲು ಪಡೆ ಪ್ರಕಟಿಸುವ ಅಪಾಯದ ಮಟ್ಟವನ್ನು ದಿನವೂ ಓದಬೇಕು. ಅದು 1ರಿಂದ 5ರವರೆಗೆ ಇರುತ್ತದೆ, ಮತ್ತು 3 ಎಂದರೆ ‘ನಡುವೆ ಇದೆ, ಪರವಾಗಿಲ್ಲ’ ಎಂದರ್ಥವಲ್ಲ, ‘ಅಪಾಯ ಗಣನೀಯ’ ಎಂದರ್ಥ. ಕಾವಲಿನ ಗಡಿಯ ಆಚೆ ಹೋಗುವವರಲ್ಲಿ ಪ್ರತಿಯೊಬ್ಬರ ಬಳಿಯೂ ಸಂಕೇತ ಕಳುಹಿಸುವ ಬೀಕನ್, ಶೋಧಿಸುವ ಕೋಲು ಮತ್ತು ಸಲಿಕೆ ಇರಬೇಕು, ಅವನ್ನು ಬಳಸುವ ಅಭ್ಯಾಸವಿರಬೇಕು, ಸ್ಥಳೀಯ ಗೈಡ್ ಇರಲೇಬೇಕು. ಹಿಮದಡಿ ಸಿಲುಕಿದವರು ಬದುಕುವುದು ಬಹುತೇಕ ಮೊದಲ ಕಾಲು ಗಂಟೆಯೊಳಗೆ ಜೊತೆಗಾರರು ತೋಡಿ ತೆಗೆದರೆ ಮಾತ್ರ. ಕೆಳಗಿನಿಂದ ನೆರವು ಬರುವಷ್ಟು ಸಮಯ ಇರುವುದಿಲ್ಲ.

ಗೊಂಡೋಲಾ ಟಿಕೆಟ್ ಹೇಗೆ ಪಡೆಯಬೇಕು?

ಜಮ್ಮು ಮತ್ತು ಕಾಶ್ಮೀರ ಕೇಬಲ್ ಕಾರ್ ನಿಗಮದ ಅಧಿಕೃತ ಜಾಲತಾಣದಲ್ಲಿ ಮುಂಚಿತವಾಗಿ ಕಾಯ್ದಿರಿಸಬೇಕು. ರಜಾ ದಿನಗಳ ಟಿಕೆಟ್ ಬೇಗ ಮುಗಿದುಹೋಗುತ್ತದೆ. ನಿಲ್ದಾಣದ ಬಳಿ ‘ನಾನು ಕೊಡಿಸುತ್ತೇನೆ’ ಎನ್ನುವವರಿಂದ ಕೊಳ್ಳಬೇಡಿ. ಗಾಳಿ ಜೋರಾದರೆ ಎರಡನೆಯ ಹಂತವನ್ನು ನಿಲ್ಲಿಸುತ್ತಾರೆ, ಆದ್ದರಿಂದ ಅದನ್ನು ಕೊನೆಯ ದಿನಕ್ಕೆ ಉಳಿಸಿಕೊಳ್ಳದಿರುವುದು ಒಳಿತು.

ಸ್ಕೀ, ಬೂಟುಗಳನ್ನು ಕೊಳ್ಳಬೇಕೇ, ಬಾಡಿಗೆಗೆ ತೆಗೆದುಕೊಳ್ಳಬೇಕೇ?

ಬಾಡಿಗೆಯೇ ಸರಿ. ಆದರೆ ಬಾಡಿಗೆ ಅಂಗಡಿಯಲ್ಲಿ ಅವಸರ ಮಾಡಬೇಡಿ. ಮೊದಲ ದಿನ ನಮಗೆ ಅದೇ ತಪ್ಪಾಯಿತು. ಜನ ತುಂಬಿದ್ದ ಅಂಗಡಿಯಲ್ಲಿ ಕೈಗೆ ಸಿಕ್ಕ ಬೂಟನ್ನು, ಒಂದು ಅಳತೆ ದೊಡ್ಡದಾದರೂ, ‘ಎರಡು ಜೊತೆ ಕಾಲುಚೀಲ ಹಾಕಿಕೊಳ್ಳಿ, ಸರಿಹೋಗುತ್ತದೆ’ ಎಂದು ನನ್ನ ತಂಗಿಗೆ ಕೊಟ್ಟರು. ಒಳಗೆ ಹಿಮ್ಮಡಿ ಎದ್ದೆದ್ದು ಬೀಳುತ್ತಿದ್ದುದರಿಂದ ಅವಳ ಕಾಲು ಹೇಳಿದ್ದನ್ನು ಸ್ಕೀ ಕೇಳಲೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಮುಂಗಾಲಿನ ಚರ್ಮ ಸುಲಿದಿತ್ತು. ಒಂದು ದಿನವಿಡೀ ಅವಳು ತಪ್ಪು ತನ್ನದೇ ಎಂದುಕೊಂಡಿದ್ದಳು. ಮರುದಿನ ಸರಿಯಾದ ಬೂಟು ಸಿಕ್ಕ ಮೇಲೆ ಅರ್ಧ ಗಂಟೆಯಲ್ಲಿ ತಿರುಗಲು ಕಲಿತಳು.

ಬೂಟು ಸರಿಯೇ ಎಂದು ನೋಡುವುದು ಹೀಗೆ. ತೆಳ್ಳನೆಯ ಒಂದೇ ಜೊತೆ ಉದ್ದ ಕಾಲುಚೀಲ ಹಾಕಿ, ನೆಟ್ಟಗೆ ನಿಂತಾಗ ಬೆರಳ ತುದಿ ಮುಂದಕ್ಕೆ ತಾಗಬೇಕು. ಮೊಣಕಾಲು ಬಗ್ಗಿಸಿದಾಗ ಬೆರಳು ಹಿಂದೆ ಸರಿದು, ಹಿಮ್ಮಡಿ ಅಲುಗದಂತೆ ಕೂರಬೇಕು. ಪ್ಯಾಂಟನ್ನಾಗಲಿ ಥರ್ಮಲ್ಲನ್ನಾಗಲಿ ಬೂಟಿನ ಒಳಗೆ ಮಡಿಚಿ ತುರುಕಬಾರದು. ಬಿದ್ದಾಗ ಸ್ಕೀಯನ್ನು ಬೂಟಿನಿಂದ ಬಿಡಿಸುವ ಬೈಂಡಿಂಗ್ ಅನ್ನು ನಿಮ್ಮ ತೂಕ, ಎತ್ತರ, ವಯಸ್ಸು ಮತ್ತು ಅನುಭವಕ್ಕೆ ತಕ್ಕಂತೆ ಹೊಂದಿಸುತ್ತಾರೆ. ಅಲ್ಲಿ ಸಂಕೋಚದಿಂದ ತೂಕ ಕಡಿಮೆ ಹೇಳಿದರೆ ಅದು ಬೇಡದಾಗ ಕಳಚುತ್ತದೆ, ಅನುಭವ ಹೆಚ್ಚು ಹೇಳಿದರೆ ಬೇಕಾದಾಗ ಕಳಚದೆ ಮೊಣಕಾಲು ತಿರುಚುತ್ತದೆ. ಹೊಸಬರಿಗೆ ಗಲ್ಲದವರೆಗೆ ಬರುವಷ್ಟು ಉದ್ದದ ಸ್ಕೀ ಸಾಕು. ಹೆಲ್ಮೆಟ್ ಇಲ್ಲದೆ ಇಳಿಯಬೇಡಿ.

ಯಾವ ಬಟ್ಟೆ ಒಯ್ಯಬೇಕು?

ಒಂದು ದಪ್ಪ ಸ್ವೆಟರಿಗಿಂತ ಮೂರು ತೆಳು ಪದರಗಳು ಮೇಲು: ಮೈಗೆ ತಾಗುವಂತೆ ಥರ್ಮಲ್, ನಡುವೆ ಉಣ್ಣೆ ಅಥವಾ ಫ್ಲೀಸ್, ಮೇಲೆ ನೀರನ್ನೂ ಗಾಳಿಯನ್ನೂ ತಡೆಯುವ ಜಾಕೆಟ್ಟು ಮತ್ತು ಪ್ಯಾಂಟು. ಹತ್ತಿ ಬನಿಯನ್, ಜೀನ್ಸ್ ಬೇಡವೇ ಬೇಡ. ಬೆವರಿಗೆ ಒದ್ದೆಯಾದ ಹತ್ತಿ ಒಣಗದೆ ಮೈಯ ಶಾಖವನ್ನು ಹೀರುತ್ತದೆ. ಉಣ್ಣೆಯ ಕೈಗವಸು ಮೊದಲ ಸಲ ಬಿದ್ದಾಗಲೇ ನೆನೆಯುತ್ತದೆ, ಆದ್ದರಿಂದ ನೀರು ಹಿಡಿಯದ ಗ್ಲೌಸು ಎರಡು ಜೊತೆ ಇರಲಿ. ಹಿಮವು ಬಿಸಿಲನ್ನು ಕೆಳಗಿನಿಂದಲೂ ಮುಖಕ್ಕೆ ಎಸೆಯುವುದರಿಂದ ಗಾಗಲ್ಸ್, ಸನ್‌ಸ್ಕ್ರೀನ್ ಮತ್ತು ತುಟಿಯ ಮುಲಾಮು ಬೇಕೇ ಬೇಕು. ಕನ್ನಡಕ ಹಾಕುವವರು ಅದರ ಮೇಲೆ ಕೂರುವ ಅಗಲದ ಗಾಗಲ್ಸನ್ನು ಊರಿನಿಂದಲೇ ಒಯ್ಯುವುದು ಒಳ್ಳೆಯದು.

ಮಕ್ಕಳು ಮತ್ತು ಹಿರಿಯರಿಗೆ ಏನು ಅನುಕೂಲವಿದೆ?

ಐದು ವರ್ಷದ ಮೇಲಿನ ಮಕ್ಕಳು ದೊಡ್ಡವರಿಗಿಂತ ಬೇಗ ಕಲಿಯುತ್ತಾರೆ, ಆದರೆ ಎರಡು ಗಂಟೆಗೆ ಒಮ್ಮೆ ಒಳಗೆ ಕರೆತಂದು ಬೆಚ್ಚಗೆ ಮಾಡಬೇಕು. ಚಳಿಯಾಗುತ್ತಿದೆ ಎಂದು ಅವರಾಗಿ ಹೇಳುವ ಹೊತ್ತಿಗೆ ತಡವಾಗಿರುತ್ತದೆ. ಹಿರಿಯರು ಮೊದಲ ಹಂತದವರೆಗೆ ಗೊಂಡೋಲಾದಲ್ಲಿ ಹೋಗಿಬರಬಹುದು. ಕೆಳಗೆ ಬಾಬಾ ರೇಶಿಯವರ ದರ್ಗಾ ಇದೆ, ಟಂಗ್‌ಮಾರ್ಗ್ ಬಳಿಯ ಡ್ರಂಗ್‌ನಲ್ಲಿ ಕಡುಚಳಿಯಲ್ಲಿ ಹೆಪ್ಪುಗಟ್ಟುವ ಜಲಪಾತವಿದೆ. ಹೃದ್ರೋಗ, ಉಸಿರಾಟದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಎರಡನೆಯ ಹಂತಕ್ಕೆ ಹೋಗಬಾರದು.

ಎತ್ತರದಿಂದ ತೊಂದರೆಯಾಗುತ್ತದೆಯೇ?

ಸುಮಾರು 920 ಮೀಟರಿನ ಬೆಂಗಳೂರಿನಿಂದ ಹೋದವರಿಗೆ ಮೊದಲ ರಾತ್ರಿ ತಲೆಭಾರ, ನಿದ್ದೆಗೇಡು ಆಗಬಹುದು. ಶ್ರೀನಗರದಲ್ಲಿ ಒಂದು ರಾತ್ರಿ ತಂಗಿ ಮೇಲೇರುವುದು ಮೈಗೆ ಹಿತ. ಅಫರ್‌ವಟ್‌ನ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಪಾಲಿಗಿಂತಲೂ ಕಡಿಮೆ, ಸುಮಾರು ಅರುವತ್ತು ಪ್ರತಿಶತದಷ್ಟು. ತಲೆನೋವಿನೊಂದಿಗೆ ವಾಕರಿಕೆ ಬಂದರೆ ತಡೆದುಕೊಳ್ಳದೆ ಕೆಳಗಿಳಿಯಬೇಕು. ನೀರು ಹೆಚ್ಚು ಕುಡಿಯಿರಿ, ಮದ್ಯ ಬೇಡ.

ಊರಿನಲ್ಲಿದ್ದಾಗ ಯಾವ ಅಭ್ಯಾಸ ಮಾಡಬೇಕು?

ಆರು ವಾರ ಮೊದಲೇ ತೊಡೆಗಳನ್ನು ಗಟ್ಟಿಮಾಡಿಕೊಳ್ಳಿ. ಗೋಡೆಗೆ ಬೆನ್ನೊರಗಿಸಿ ಕುರ್ಚಿಯಂತೆ ಕೂರುವುದು, ಬಸ್ಕಿ ಹೊಡೆಯುವುದು ಇವೆರಡೇ ಸಾಕಷ್ಟು. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲುಗಳಿಗಿಂತ ಒಳ್ಳೆಯ ಶಾಲೆ ಇಲ್ಲ. ಏರುವುದಕ್ಕಿಂತ ಇಳಿಯುವುದನ್ನು ಲಕ್ಷ್ಯವಿಟ್ಟು ಮಾಡಬೇಕು, ಏಕೆಂದರೆ ಸ್ಕೀಯಲ್ಲಿ ತೊಡೆಯ ಸ್ನಾಯು ದಿನವಿಡೀ ಮಾಡುವುದು ಅದೇ ಕೆಲಸ: ಹಿಗ್ಗುತ್ತಲೇ ಮೈಭಾರವನ್ನು ತಡೆಹಿಡಿಯುವುದು.

ಸ್ಕೀ ಬದಲು ಸ್ನೋಬೋರ್ಡ್ ಕಲಿಯಬಹುದೇ?

ಕಲಿಯಬಹುದು. ಸ್ನೋಬೋರ್ಡ್ ಎಂದರೆ ಎರಡೂ ಕಾಲುಗಳನ್ನು ಕಟ್ಟಿಕೊಳ್ಳುವ ಒಂದೇ ಹಲಗೆ. ಮೊದಲೆರಡು ದಿನ ಹೆಚ್ಚು ಬೀಳುತ್ತೀರಿ, ಮಣಿಕಟ್ಟು ಜೋಪಾನ. ನಾಲ್ಕೈದು ದಿನವಷ್ಟೇ ಇರುವವರಿಗೆ ಸ್ಕೀಯೇ ಸುಲಭ.

ವಸತಿ, ಊಟ ಮತ್ತು ಫೋನಿನ ವ್ಯವಸ್ಥೆ ಹೇಗಿರುತ್ತದೆ?

ಕೋಣೆ ಕಾಯ್ದಿರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಬಿಸಿಯ ವ್ಯವಸ್ಥೆ ಯಾವುದು, ಕರೆಂಟು ಹೋದಾಗ ಏನು ಮಾಡುತ್ತಾರೆ ಎಂಬುದು. ಕಟ್ಟಿಗೆಯ ಒಲೆಯಾದ ‘ಬುಖಾರಿ’ ಅಥವಾ ಗ್ಯಾಸ್ ಹೀಟರ್ ಇದ್ದರೆ ಕಿಟಕಿಯನ್ನು ಸ್ವಲ್ಪ ತೆರೆದಿಡಿ, ಮಲಗುವ ಮುನ್ನ ಆರಿಸಿ. ಮುಚ್ಚಿದ ಕೋಣೆಯಲ್ಲಿ ಸೇರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಸಸ್ಯಾಹಾರಿಗಳಿಗೆ ರಾಜ್ಮಾ ಅನ್ನ, ದಮ್ ಆಲೂ, ತಾವರೆದಂಟಿನ ನದ್ರು, ಹಾಖ್ ಸೊಪ್ಪು ಸಿಗುತ್ತವೆ. ಬೆಳಗಿನ ಹೊತ್ತಿಗೆ ನಾವು ಒಯ್ದಿದ್ದ ಗೊಜ್ಜವಲಕ್ಕಿ ಪುಡಿಗೆ ಬಿಸಿನೀರು ಹಾಕಿಕೊಂಡು ಹೊರಟದ್ದು ಬಹಳ ಉಪಕಾರವಾಯಿತು. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಮಾಡುತ್ತದೆ. ತಂಡದಲ್ಲಿ ಇಬ್ಬರ ಬಳಿಯಾದರೂ ಪೋಸ್ಟ್‌ಪೇಯ್ಡ್ ಇರಲಿ.

ಈಗ ಕಾಶ್ಮೀರಕ್ಕೆ ಹೋಗುವುದು ಸುರಕ್ಷಿತವೇ?

2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಕರ್ನಾಟಕದವರೂ ಸೇರಿ 26 ಜನರನ್ನು ಕೊಂದ ನಂತರ ಈ ಪ್ರಶ್ನೆ ನಮ್ಮ ಪ್ರತಿ ಮನೆಯಲ್ಲೂ ಏಳುತ್ತದೆ, ಏಳಬೇಕಾದದ್ದೇ. ಇದಕ್ಕೆ ಬೇರೆಯವರ ಭರವಸೆ ಉತ್ತರವಾಗಲಾರದು. ಆಡಳಿತ ಯಾವ ತಾಣಗಳನ್ನು ತೆರೆದಿದೆ ಎಂಬುದನ್ನು ಹೊರಡುವ ವಾರದಲ್ಲಿ ಅಧಿಕೃತ ಪ್ರಕಟಣೆಗಳಲ್ಲಿ ನೋಡಿಕೊಳ್ಳಿ. ಮನೆಯ ಯಾರೊಬ್ಬರಿಗೆ ಅಳುಕಿದ್ದರೂ ಅವರನ್ನು ಒತ್ತಾಯಿಸದೆ ಆ ವರ್ಷ ಔಲಿ ಅಥವಾ ಸೋಲಂಗ್‌ಗೆ ಹೋಗಿ.

ವಿಮೆ ಬೇಕೇ?

ಬೇಕು. ಸಾಮಾನ್ಯ ಪ್ರಯಾಣ ವಿಮೆಗಳಲ್ಲಿ ಅನೇಕವು ಸಾಹಸ ಕ್ರೀಡೆಗಳನ್ನು ಹೊರಗಿಡುತ್ತವೆ. ಸ್ಕೀಯಿಂಗ್ ಸೇರಿದೆಯೇ, ಕಾವಲಿನ ಗಡಿಯ ಆಚೆಗೂ ಅನ್ವಯಿಸುತ್ತದೆಯೇ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಿರಿ.

ತಲುಪುವುದು ಹೇಗೆ? ಹಿಮದಿಂದ ದಾರಿ ಮುಚ್ಚಿದರೆ ಏನು ಮಾಡಬೇಕು?

ಶ್ರೀನಗರದಿಂದ ಗುಲ್ಮಾರ್ಗ್‌ಗೆ ಸುಮಾರು 50 ಕಿಲೋಮೀಟರ್. ಅದರಲ್ಲಿ ಟಂಗ್‌ಮಾರ್ಗ್‌ನಿಂದ ಮೇಲಿನ ಕೊನೆಯ 13 ಕಿಲೋಮೀಟರ್ ಏರುದಾರಿಯೇ ಕಷ್ಟದ್ದು. ಜೋರಾಗಿ ಹಿಮ ಬಿದ್ದ ದಿನ ಟೈರಿಗೆ ಸರಪಣಿ ಕಟ್ಟಿದ ಅಥವಾ ನಾಲ್ಕು ಚಕ್ರಗಳಿಗೂ ಬಲವಿರುವ ವಾಹನಗಳನ್ನು ಮಾತ್ರ ಬಿಡುತ್ತಾರೆ. ಸಾಮಾನ್ಯ ಟ್ಯಾಕ್ಸಿಯಾದರೆ ಟಂಗ್‌ಮಾರ್ಗ್‌ನಲ್ಲಿ ಇಳಿದು ಬೇರೆ ಗಾಡಿ ಹಿಡಿಯಬೇಕು. ಅಲ್ಲಿ ಕೋಟು, ಬೂಟು, ಕುದುರೆ, ಸ್ಲೆಡ್ಜ್ ಎಂದು ಮುತ್ತಿಕೊಳ್ಳುವವರೊಂದಿಗೆ ಒರಟಾಗಿ ನಡೆದುಕೊಳ್ಳಬೇಡಿ. ಅವರಿಗೆ ವರ್ಷದ ದುಡಿಮೆ ಈ ಎರಡು ತಿಂಗಳಲ್ಲಿ ಆಗಬೇಕು. ದರವನ್ನು ಮೊದಲೇ ಮಾತಾಡಿಕೊಂಡರೆ ಸಾಕು.

ಮಂಜು ಕವಿದರೆ ಅಥವಾ ಹಿಮ ಬಿದ್ದರೆ ಶ್ರೀನಗರದ ವಿಮಾನಗಳು ರದ್ದಾಗುತ್ತವೆ. 2025ರ ಜೂನ್‌ನಿಂದ ಕಟ್ರಾ ಮತ್ತು ಶ್ರೀನಗರದ ನಡುವೆ ವಂದೇ ಭಾರತ್ ರೈಲು ಓಡುತ್ತಿರುವುದರಿಂದ ಹೊರಬರಲು ಇನ್ನೊಂದು ದಾರಿಯಾಗಿದೆ, ಆದರೆ ಅಂಥ ದಿನ ಅದರ ಟಿಕೆಟ್ಟಿಗೂ ನೂಕುನುಗ್ಗಲು. ಹಾಗಾಗಿ ಗುಲ್ಮಾರ್ಗ್‌ನಿಂದ ನೇರವಾಗಿ ವಿಮಾನ ನಿಲ್ದಾಣಕ್ಕೆ ಓಡುವಂತೆ ಯೋಜಿಸದೆ, ಕೊನೆಯ ರಾತ್ರಿಯನ್ನು ಶ್ರೀನಗರದಲ್ಲಿ ಕಳೆಯಿರಿ, ಊರಿಗೆ ಮರಳಿದ ಮರುದಿನ ಕಚೇರಿಗೂ ಶಾಲೆಗೂ ರಜೆ ಇಟ್ಟುಕೊಳ್ಳಿ. ದಿನವೂ ತೆಗೆದುಕೊಳ್ಳುವ ಔಷಧಿಯಿದ್ದರೆ ಮೂರು ದಿನಕ್ಕೆ ಆಗುವಷ್ಟು ಹೆಚ್ಚಿಗೆ ಒಯ್ದು, ಅದನ್ನು ಕೈಚೀಲದಲ್ಲಿಯೇ ಇರಿಸಿಕೊಳ್ಳಿ.